ಕಿವಿಯ ಹಿಂದೆ

ಮೂರನೇ ರೀಲು ಮಾತ್ರ ಮದರಾಸಿಗೆ ವಾಪಸು ಹೋಗಲಿಲ್ಲ,
ಯಾಕೋ. ಅಪ್ಪನ ಉಳಿ, ಅರ, ಬೆಸುಗೆ ಕಡ್ಡಿಗಳ ಅಡಿಯಲ್ಲಿ
ಐವತ್ತೈದು ವರ್ಷ ಬಿದ್ದಿತ್ತು ತಗಡಿನ ಡಬ್ಬಿಯೊಳಗೆ.
ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ಹುಳಿ.
ಹಳತಾದ ಫಿಲ್ಮು ಹೀಗೇ ಹುಳಿಯುತ್ತದಂತೆ,
ಅದನ್ನು ಪೆನ್ ಡ್ರೈವಿಗೆ ಇಳಿಸಿಕೊಟ್ಟ ಹುಡುಗ ಹೇಳಿದ.

ಒಟ್ಟು ಹನ್ನೊಂದು ನಿಮಿಷ.
ಬಸವನಹಳ್ಳಿ ಮನೆಯ ಟೀವಿಯಲ್ಲಿ, ಕಾಫಿ ಹೊತ್ತಿಗೆ,
ಎಲ್ಲರನ್ನೂ ಕೂರಿಸಿ ಹಾಕಿದೆ: ನೋಡಿ, ಹೊಟ್ಟೆ ಹುಣ್ಣಾಗುತ್ತೆ.

ಆಗ ನನಗೆ ಒಂಬತ್ತು. ಶನಿವಾರ ರಾತ್ರಿ ಪ್ಲಾಂಟರ ಕ್ಲಬ್ಬು.
ಅಪ್ಪ ಸಿದ್ಧಾಚಾರಿ, ಬೀಗ ಬಂದೂಕು ಪಂಪು ಯಾವುದಾದರೂ ಸರಿ,
ಬಿಚ್ಚಿ ಜೋಡಿಸುವವನು, ಪ್ರೊಜೆಕ್ಟರಿನ ಪಕ್ಕ ನಿಂತರೆ
ಪೂಜೆಗೆ ನಿಂತ ಹಾಗೆ. ನಾನು ರೀಲು ಸುತ್ತುವವಳು.
ದೊರೆಗಳು ಹೋಗಿ ಎಷ್ಟೋ ಕಾಲವಾಗಿತ್ತು, ಕುರ್ಚಿಗಳಲ್ಲಿ ನಮ್ಮವರೇ.
ಎಲ್ಲಿ ನಗಬೇಕು ಅನ್ನುವುದನ್ನು ಮಾತ್ರ
ದೊರೆಗಳು ಕುರ್ಚಿಯ ಜೊತೆ ಬಿಟ್ಟು ಹೋಗಿದ್ದರು.

ಪರದೆಯ ಮೇಲೆ ಯಾವನೋ ಕರ್ನಲ್ಲನ ಬಂಗಲೆ.
ಮುಂಡಾಸಿನ ಆಳು, ಮುಖಕ್ಕೆ ಬೂಟಿನ ಪಾಲಿಶು,
ಕಣ್ಣು ಗಿರಗಿರ, ತಲೆ ಬುಗುರಿ, ಮಾತು ಪುಡಿಪುಡಿ,
ಸೂಪನ್ನು ತಂದು ಮೇಡಮ್ಮನ ಮಡಿಲಿಗೇ ಸುರಿದ.
ಹಾಲು ಬಿದ್ದುಬಿದ್ದು ನಕ್ಕಿತು. ಆಮೇಲೆ, ಒಬ್ಬೊಬ್ಬರಾಗಿ,
ಹಿಂದಕ್ಕೆ ತಿರುಗಿ ನೋಡಿದರು
ಬಾಗಿಲ ಬಳಿ ಟ್ರೇ ಹಿಡಿದು ನಿಂತ ಅರುಳಪ್ಪನನ್ನು.
'ಏನಯ್ಯಾ, ನಿಮ್ಮಣ್ಣನಾ?' ಅಂತ ಯಾರೋ.
ಅವನೂ ನಕ್ಕ. ಟ್ರೇಯ ಗ್ಲಾಸುಗಳು ಕಿಣಿಕಿಣಿ ಅಂದವು.
ಅಪ್ಪ ನಗಲಿಲ್ಲ ಅಂತ ಬರೆಯಲು ಆಸೆ.
ನಕ್ಕ. ನಾನೂ ನಕ್ಕೆ, ಕೈಯ ರೀಲು ಜಾರುವಷ್ಟು.

ಸೋಮವಾರ ಸ್ಕೂಲಿಗೆ ಆ ನಗುವನ್ನು ಹೊತ್ತುಕೊಂಡೇ ಹೋದೆ.
ಅರುಳಪ್ಪನ ಮಗಳು ಸೆಲ್ವಿ ನಮ್ಮ ಕ್ಲಾಸು, ಮೂರನೇ ಬೆಂಚು.
ಸ್ಲೇಟನ್ನು ಟ್ರೇ ಮಾಡಿ, ಕಣ್ಣು ತಿರುಗಿಸಿ,
'ಪಾಳೆಹಣ್ಣು ಪೇಕಾ ಪೇಕಾ' ಅಂತ ಅವಳ ಮುಂದೆ ಬಾಗಿದೆ.
ಬೋರ್ಡಿನ ಕಡೆ ತಿರುಗಿದ ಮೇಷ್ಟರ ಬೆನ್ನು ಕುಲುಕುತ್ತಿತ್ತು.
ಸೆಲ್ವಿ ರಿಬ್ಬನ್ ಸರಿಮಾಡಿಕೊಂಡಳು, ಅಷ್ಟೆ.
ಆಮೇಲಿಂದ ಬ-ದಿಂದ ಶುರುವಾಗುವ ಒಂದು ಮಾತನ್ನೂ
ಆ ವರ್ಷ ಅವಳು ಆಡಲಿಲ್ಲ.
ನನ್ನ ಹೆಸರು ಬನಶಂಕರಿ.

ಟೀವಿಯ ಮುಂದೆ ಈಗ ಯಾರೂ ನಗುತ್ತಿಲ್ಲ.
ಬಿಸ್ಕತ್ತು ಮುರಿಯುವ ಸದ್ದು.
'ಅತ್ತೆ, ಈ ಮನುಷ್ಯ ಮುಖಕ್ಕೆ ಏನು ಬಳ್ಕೊಂಡಿದಾನೆ?'
ನಿಹಾರಳ ಪ್ರಶ್ನೆ, ಅವಳಿಗೂ ಒಂಬತ್ತೇ.
ನಾಯಿಯೊಂದು ಬಂದು ಕರ್ನಲ್ಲನ ಚಪ್ಪಲಿ ಕಚ್ಚಿಕೊಂಡು
ಗಂಭೀರವಾಗಿ ನಡೆದು ಹೋಗುವಾಗ ಮಾತ್ರ ಕಿಸಕ್ಕಂದಳು.
ನಾಯಿಗೆ ವಯಸ್ಸಾಗಿಲ್ಲ.

ಎರಡನೇ ಸಲ ಒಬ್ಬಳೇ ನೋಡುವಾಗ ಕಂಡದ್ದು:
ಬಿದ್ದ ಚಮಚಕ್ಕೆ ಅವನು ಬಗ್ಗುತ್ತಾನಲ್ಲ, ಆಗ
ಮುಂಡಾಸು ಸರಿದು, ಕಿವಿಯ ಹಿಂದೆ, ಬಿಳಿ.
ಸುಲಿದ ಮೂಲಂಗಿಯ ಬಿಳಿ. ಅಲ್ಲಿಗೆ ಪಾಲಿಶು ಮುಟ್ಟಿಲ್ಲ.
ಅಪ್ಪನ ಕಾಲದಲ್ಲಿ ನಿಲ್ಲಿಸಿದರೆ ಫಿಲ್ಮು ಸುಡುತ್ತಿತ್ತು.
ನಾನು ರಿಮೋಟು ಒತ್ತಿ ನಿಲ್ಲಿಸಿದೆ.

ಕಪ್ಪು ಬೂಟುಗಳಿಗೆ ದಿನಾ ಪಾಲಿಶು ಹಚ್ಚುತ್ತಿದ್ದವನು ಅರುಳಪ್ಪ.
ಹಚ್ಚುವುದು ಎಲ್ಲಿ ತಪ್ಪಿದೆ ಅಂತ ಅವನಿಗೆ ಕಾಣದೆ ಇದ್ದೀತೆ?
ಅವತ್ತು ಅವನು ನಕ್ಕಿದ್ದು ಈ ಕಿವಿಗಿರಬಹುದು.
ಇರಬಹುದು. ಹಾಗಂದುಕೊಂಡರೆ ನನಗೆ ಹಗುರ,
ಅದಕ್ಕೇ ಅನುಮಾನ.

ಆಲ್ದೂರಿನಲ್ಲಿ ಸೆಲ್ವಿಯದು ಟೈಲರ್ ಅಂಗಡಿಯಂತೆ.
ಬಸ್ಸಿನಿಂದ ಬೋರ್ಡು ಓದಿದ್ದೇನೆ, ನಾಲ್ಕೈದು ಸಲ.
ಇಳಿದಿಲ್ಲ.

ಬಗ್ಗಿದವನು ಬಗ್ಗಿದಂತೆಯೇ ನಿಂತಿದ್ದಾನೆ.
ಬಾಗಿಲಲ್ಲಿ ನಿಹಾರ, ಲೋಟ ಹಿಡಿದು:
'ಮುಂದಕ್ಕೆ ಬಿಡು ಅತ್ತೆ, ನಾಯಿ ಬರಲಿ.'